ಕೆಂಪಾಗದ ದಂಟು ಮತ್ತು ನಮ್ಮತ್ತೆಯ ಬಲಗೈ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹದಿನಾರು ನಿಮಿಷ. ನಮ್ಮ ಮನೆಯ ನೆಮ್ಮದಿ ಕೆಟ್ಟ ಗಳಿಗೆಯನ್ನು ನಾನು ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ. ಯಾಕೆಂದರೆ ಆಗ ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು, ನಡುಮನೆಯ ಗಡಿಯಾರ ನೋಡುತ್ತಾ ಕರೆಂಟಿನವರನ್ನು ಬೈಯುತ್ತಿದ್ದೆ. ಲೈನಿನ ಕೆಲಸ ಇರುವುದರಿಂದ ಹತ್ತಕ್ಕೆ ಕರೆಂಟು ತೆಗೆಯುತ್ತೇವೆ ಎಂದು ಹಿಂದಿನ ದಿನವೇ ಮೊಬೈಲಿಗೆ ಮೆಸೇಜು ಬಂದಿತ್ತು. ಅದನ್ನು ನಂಬಿ ಭಾನುವಾರದ ನಿದ್ದೆ ಬಿಟ್ಟು ಐದೂವರೆಗೇ ಎದ್ದು, ಮೇಲಿನ ಟ್ಯಾಂಕಿಗೆ ನೀರು ಹತ್ತಿಸಿ, ಚಟ್ನಿ ರುಬ್ಬಿ, ಬಟ್ಟೆ ಒಗೆದು ಇಸ್ತ್ರಿಯನ್ನೂ ಮುಗಿಸಿದ್ದೆ. ಈಗ ನೋಡಿದರೆ ಫ್ಯಾನು ಆರಾಮಾಗಿ ತಿರುಗುತ್ತಿದೆ. ಕೊಡುವುದಕ್ಕಂತೂ ಇವರಿಗೆ ಹೊತ್ತುಗೊತ್ತಿಲ್ಲ, ತೆಗೆಯುವುದನ್ನಾದರೂ ಹೇಳಿದ ಹೊತ್ತಿಗೆ ತೆಗೆಯಬಾರದೇ ಎಂದು ಗೊಣಗುತ್ತಿದ್ದೆ. ಆ ಮಾತನ್ನು ಈಗ ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅವರು ಹದಿನಾರು ನಿಮಿಷ ತಡ ಮಾಡಿದರು, ಹದಿನೇಳು ಮಾಡಲಿಲ್ಲ. ಆ ಒಂದು ನಿಮಿಷಕ್ಕಾಗಿ ಅವರ ಮಕ್ಕಳುಮರಿ ತಣ್ಣಗಿರಲಿ.

ಮೊದಲಿನಿಂದ ಹೇಳುತ್ತೇನೆ. ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಯ್ಗೆಯವರ ಮನೆ. ಮುಂದೆ ಮನೆ, ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಆರು ಪವರ್‌ಲೂಮು. ನಮ್ಮವರು, ಅಂದರೆ ನಾಗೇಶ, ಬೆಳಗಾದರೆ ಸೀರೆಯ ಬಣ್ಣಗಳ ನಡುವೆಯೇ ಓಡಾಡುವವರು. ಅಂಥವರು ಮನೆಯೊಳಕ್ಕೆ ಬಂದ ಮೇಲಾದರೂ ಬಿಳಿ ಗೋಡೆ ನೋಡಿಕೊಂಡು ಸುಮ್ಮನೆ ಕೂರಬೇಕೋ ಬೇಡವೋ? ನಲವತ್ತು ದಾಟಿದ ಮೇಲೆ ಗಂಡಸರಿಗೆ ಏನಾದರೊಂದು ಹಿಡಿಯುತ್ತದೆ. ಪಕ್ಕದ ಮನೆಯವರಿಗೆ ಯೋಗ ಹಿಡಿಯಿತು, ಎದುರು ಮನೆಯವರಿಗೆ ಸೈಟು ಹಿಡಿಯಿತು. ನಮ್ಮವರಿಗೆ ನೀರೊಳಗಿನ ಗಿಡ ಹಿಡಿಯಿತು. ಮೀನು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಒಪ್ಪಿಗೆ ಕೊಟ್ಟೆ. ಮೂರು ಅಡಿ ಉದ್ದದ ಗಾಜಿನ ತೊಟ್ಟಿ, ಅದಕ್ಕೊಂದು ಕಬ್ಬಿಣದ ಸ್ಟ್ಯಾಂಡು ಬಂದವು. ವಾರ ಕಳೆದರೂ ಮೀನು ಬರಲಿಲ್ಲ. ಬಂದದ್ದು ಕೊರಿಯರಿನಲ್ಲಿ ಒದ್ದೆ ಪೇಪರಿನ ಪೊಟ್ಟಣ. ಬಿಚ್ಚಿದರೆ ಸಂತೆಯಲ್ಲಿ ಸಂಜೆಯ ಹೊತ್ತಿಗೆ ಉಳಿದ ಸೊಪ್ಪಿನ ಹಾಗೆ ಬಾಡಿದ ನಾಲ್ಕು ಕಟ್ಟು. “ಇದು ರೊಟಾಲ, ಇದು ಲುಡ್ವಿಜಿಯಾ. ಒಂದು ತಿಂಗಳು ತಡಿ ಸುಮಾ, ಕೆಂಪು ಅಂದ್ರೆ ಏನು ಅಂತ ತೋರಿಸ್ತೀನಿ” ಅಂದರು. ಸೀರೆ ನೇಯುವವರ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಗಿದೆ; ನನಗೆ ಕೆಂಪು ಅಂದರೇನು ಎಂದು ತೋರಿಸುವುದಕ್ಕೆ ಕೊರಿಯರಿನಲ್ಲಿ ಸೊಪ್ಪು ಬರಬೇಕಾಯಿತು.

ಆ ಗಿಡಗಳ ವಿಷಯ ಇಷ್ಟೇ. ಅವಕ್ಕೆ ಗೆಡ್ಡೆಯಿಲ್ಲ, ಬುಡವಿಲ್ಲ, ಬರೀ ಕಾಂಡ. ತುದಿ ಕತ್ತರಿಸಿ ಮರಳಿಗೆ ಸಿಕ್ಕಿಸಿದರೆ ಅದೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಫೋಟೋದಲ್ಲಿ ಅವು ಕುಂಕುಮ, ದಾಳಿಂಬೆ, ಕಿತ್ತಳೆ ಹೀಗೆ ಏನೇನೋ ಬಣ್ಣದಲ್ಲಿರುತ್ತವೆ. ನಮ್ಮ ಮನೆಗೆ ಬಂದ ಮೂರನೆಯ ವಾರಕ್ಕೆ ಎಲ್ಲವೂ ಒಗ್ಗಟ್ಟಾಗಿ ಹಸಿರಾದವು. ನಮ್ಮತ್ತೆ ಜಯಮ್ಮನವರು ಐವತ್ತು ವರ್ಷ ಬಣ್ಣ ನೋಡಿದವರು. ಕನ್ನಡಕ ಏರಿಸಿ, ಗಾಜಿಗೆ ಮೂಗು ಹಚ್ಚಿ, “ಇದು ದಂಟಿನ ಸೊಪ್ಪು ಕಣೋ ನಾಗ, ಬಸ್ಸಾರಿಗೆ ಆಗ್ತದೆ” ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ರೊಟಾಲ, ಲುಡ್ವಿಜಿಯಾ ಎಲ್ಲಕ್ಕೂ ಒಂದೇ ಹೆಸರು, ದಂಟು. ಒಂದು ಸಲ ಒಂದು ತುದಿಯಲ್ಲಿ ಸ್ವಲ್ಪ ಬಣ್ಣ ಕಂಡಿತೆಂದು ಇವರು ರಾತ್ರಿ ಊಟ ಬಿಟ್ಟು ತಾಯಿಯನ್ನು ಎಳೆದುಕೊಂಡು ಬಂದು ತೋರಿಸಿದರು. ಅತ್ತೆ ಬಹಳ ಹೊತ್ತು ನೋಡಿ ತೀರ್ಪು ಕೊಟ್ಟರು: “ಇದು ಈರುಳ್ಳಿ ಬಣ್ಣ. ಕೆಂಪಲ್ಲ. ಈ ಕಲರಿನ ಸೀರೆ ಮಾಡಿದ್ರೆ ಅಂಗ್ಡಿಯವ್ನು ವಾಪಸ್ ಕಳಿಸ್ತಾನೆ.”

ಕೆಂಪು ಬರಿಸಲು ನಮ್ಮವರು ಮಾಡದ ಸಾಹಸವಿಲ್ಲ. ಗಿಡಕ್ಕೆ ಗಾಳಿ ಸಾಲದು, ಕಾರ್ಬನ್ ಡೈಆಕ್ಸೈಡ್ ಕುಡಿಸಬೇಕು ಎಂದು ಯಾರೋ ಹೇಳಿದರಂತೆ. ಪ್ಲಾಸ್ಟಿಕ್ ಬಾಟಲಿಗೆ ಬೆಲ್ಲದ ನೀರು, ಬ್ರೆಡ್ಡಿಗೆ ಹಾಕುವ ಈಸ್ಟು ತುಂಬಿ, ಮುಚ್ಚಳಕ್ಕೆ ತೂತು ಕೊರೆದು, ಡ್ರಿಪ್ ಪೈಪು ಸಿಕ್ಕಿಸಿ ತೊಟ್ಟಿಗೆ ಬಿಟ್ಟರು. ಬಾಟಲಿ ದೇವರ ಮನೆಯ ಪಕ್ಕದ ಮೂಲೆಯಲ್ಲಿ ಕೂತು ಹಗಲೂ ರಾತ್ರಿ ನೊರೆ ಉಕ್ಕಿಸುತ್ತಿತ್ತು. ಅತ್ತೆಯ ಅಣ್ಣ ತ್ಯಾಮಗೊಂಡ್ಲಿನಿಂದ ಬಂದವರು ಒಳಗೆ ಕಾಲಿಟ್ಟು, ಮೂಗರಳಿಸಿ, ಬಾಟಲಿಯ ಹತ್ತಿರ ಹೋಗಿ ಮೂಸಿ, ಅಳಿಯನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ ಕೇಳಿದರು: “ಏನಪ್ಪಾ ನಾಗ, ಇದು ಯಾವಾಗಿಂದ?” ಇದು ಗಿಡಕ್ಕೆ, ಮಾವ ಎಂದು ಇವರು ಹೇಳಿದರೂ ಅವರು ನಂಬಲಿಲ್ಲ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಶಿವಗಂಗೆಗೆ ಒಂದು ಹರಕೆ ಕಟ್ಟಿಕೋ ಮಗಳೇ ಎಂದು ಹೇಳಿ ಹೋದರು. ಆಮೇಲೆ ಗಿಡಕ್ಕೆ ಕಬ್ಬಿಣದ ಅಂಶ ಬೇಕು ಎಂದಾಯಿತು. ಇವರು ಸಣ್ಣ ಸೀಸೆಯಲ್ಲಿ ಬರುವ ಕಬ್ಬಿಣದ ಔಷಧಿಯನ್ನು ತೊಟ್ಟು ತೊಟ್ಟಾಗಿ ಹಾಕುತ್ತಿದ್ದರೆ ಅತ್ತೆಗೆ ತಡೆಯಲಾಗಲಿಲ್ಲ. “ಕಬ್ಬಿಣಕ್ಕೆ ದುಡ್ಡು ಕೊಡ್ತೀಯೇನೋ? ಶೆಡ್ಡಲ್ಲಿ ತುಕ್ಕು ಮೊಳೆ ಒಂದು ಡಬ್ಬ ಇದೆ, ಸುರಿ.” ಇದೆಲ್ಲ ಮುಗಿದ ಮೇಲೆ ಕೊನೆಯದಾಗಿ ಬಂದದ್ದು ಬೆಳಕು.

ಕೆಂಪಿಗೆ ಮೂಲ ಬೆಳಕೇ ಎಂದು ಇವರಿಗೆ ಜ್ಞಾನೋದಯವಾಯಿತು. ತೊಟ್ಟಿಯ ಜೊತೆಗೆ ಬಂದಿದ್ದ ಪುಟ್ಟ ದೀಪ ತೆಗೆದು, ಶೆಡ್ಡಿನ ಹೊರಗೆ ಅಂಗಳಕ್ಕೆ ಹಾಕಿದ್ದ ಫ್ಲಡ್ ಲೈಟು ಬಿಚ್ಚಿ ತಂದರು. ಮದುವೆ ಮನೆಯ ಶಾಮಿಯಾನಕ್ಕೆ ಕಟ್ಟುತ್ತಾರಲ್ಲ, ಅಂಥದ್ದು. ಅದನ್ನು ತೊಟ್ಟಿಯ ಮೇಲೆ, ತೊಲೆಯಿಂದ ಇಳಿಬಿಟ್ಟು ತೂಗುಹಾಕಿದರು. ಯಾವುದರಿಂದ? ಇದೇ ನೋಡಿ, ನೇಯ್ಗೆಯವರ ಮನೆಯಲ್ಲಿ ಮಾತ್ರ ಆಗುವ ಎಡವಟ್ಟು. ಬೇರೆ ಯಾರೇ ಆಗಿದ್ದರೂ ಸರಪಳಿ ತರುತ್ತಿದ್ದರು, ಕಡೇಪಕ್ಷ ತಂತಿ ಕಟ್ಟುತ್ತಿದ್ದರು. ನಮ್ಮಲ್ಲಿ ಒಡೆದದ್ದು, ಹರಿದದ್ದು, ಬೀಳುವಂಥದ್ದು ಎಲ್ಲಕ್ಕೂ ಮದ್ದು ಒಂದೇ, ನೂಲು. ಗೇಟಿನ ಚಿಲಕಕ್ಕೆ ನೂಲು, ಕನ್ನಡಕದ ಕಾಲಿಗೆ ನೂಲು, ಸ್ಕೂಟರಿನ ನಂಬರ್ ಪ್ಲೇಟಿಗೂ ನೂಲು. ಸೀರೆಗೆ ಬಳಸುವ ಪಾಲಿಯೆಸ್ಟರ್ ನೂಲನ್ನು ಹದಿನಾರು ಎಳೆ ಹುರಿ ಮಾಡಿ, ಎಳೆ ಕಡಿದಾಗ ಮಗ್ಗದಲ್ಲಿ ಹಾಕುವ ಗಂಟು ಹಾಕಿ ಲೈಟು ಕಟ್ಟಿದರು. “ಈ ಗಂಟು ಜನ್ಮದಲ್ಲಿ ಬಿಚ್ಚಲ್ಲ” ಎಂದರು ಇವರು. ಅತ್ತೆ ಬೆರಳಲ್ಲಿ ಮುಟ್ಟಿ ನೋಡಿ, “ನಿಮ್ಮಪ್ಪ ಹಾಕ್ದಂಗೇ ಇದೆ” ಎಂದು ಕಣ್ಣು ಒದ್ದೆ ಮಾಡಿಕೊಂಡರು. ತಾಯಿ ಮಗ ಇಬ್ಬರೂ ಗಂಟನ್ನು ನೋಡಿದರು. ಆ ಲೈಟಿನ ಬೆನ್ನು ರೊಟ್ಟಿ ಸುಡುವಷ್ಟು ಬಿಸಿಯಾಗುತ್ತದೆ, ನೂಲು ಅದಕ್ಕೆ ತಾಗಿಕೊಂಡೇ ಇದೆ ಎಂಬುದನ್ನು ಯಾರೂ ನೋಡಲಿಲ್ಲ. ನಾನು ಫಿಸಿಕ್ಸ್ ಓದಿ ಬಿ.ಎಸ್ಸಿ. ಮಾಡಿದವಳು, ಹೈಸ್ಕೂಲು ಮಕ್ಕಳಿಗೆ ಮನೆಯಲ್ಲೇ ಟ್ಯೂಶನ್ ಹೇಳುವವಳು. ನಾನಾದರೂ ನೋಡಬಹುದಿತ್ತು. ನಾನು ನೋಡಿದ್ದು, ನಡುಮನೆಯಲ್ಲಿ ಇನ್ನು ಮೇಲೆ ಸೂಜಿಗೆ ದಾರ ಪೋಣಿಸುವುದು ಸುಲಭವಾಯಿತು ಎಂಬುದನ್ನು.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಅತ್ತೆಗೆ ಆ ದಂಟನ್ನು ಮಗನ ಕೈಗೆ ಬಿಟ್ಟದ್ದೇ ತಪ್ಪು ಎಂಬ ಅಭಿಪ್ರಾಯ ಮೊದಲಿನಿಂದಲೂ ಇತ್ತು. ಬುಡದ ಎಲೆ ಉದುರಿ ಕಡ್ಡಿಯಾಗಿದ್ದರೂ ಇವನು ತುದಿ ಚಿವುಟುವುದಿಲ್ಲ, ಚಿವುಟದೆ ಯಾವ ಸೊಪ್ಪು ಚಿಗುರುತ್ತದೆ ಎಂದು ಅವರ ವಾದ. ಆದ್ದರಿಂದ ಮಗ ಶೆಡ್ಡಿನಲ್ಲಿರುವ ಹೊತ್ತು ನೋಡಿಕೊಂಡು, ಕದ್ದು ತೊಟ್ಟಿಗೆ ಕೈ ಹಾಕಿ ತುದಿ ಚಿವುಟಿ ನೆಡುತ್ತಿದ್ದರು. ನನಗೆ ಗೊತ್ತಿತ್ತು, ಮಗನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರು. ಹತ್ತಾದರೂ ಉಳಿದಿರುವ ಕರೆಂಟು ಇನ್ನೇನು ಹೋಗುತ್ತದೆ, ಹೋದರೆ ತಳ ಕಾಣುವುದಿಲ್ಲ, ಅಷ್ಟರೊಳಗೆ ಮುಗಿಸಬೇಕೆಂದು ಅವತ್ತು ಅವಸರದಲ್ಲಿದ್ದರು. ಎಡಗೈಯಲ್ಲಿ ಕಬ್ಬಿಣದ ಸ್ಟ್ಯಾಂಡು ಹಿಡಿದು, ಬಲಗೈಯನ್ನು ಮೊಣಕೈವರೆಗೆ ನೀರಿಗಿಳಿಸಿ, ಬರಿಗಾಲಲ್ಲಿ, ತಾವೇ ಚೆಲ್ಲಿದ ನೀರಿನ ಮೇಲೆ ನಿಂತಿದ್ದರು. ನಾನು ಗಡಿಯಾರದಿಂದ ಕಣ್ಣು ತೆಗೆದು ಅವರ ಕಡೆ ತಿರುಗುವುದಕ್ಕೂ ಲೈಟಿನ ಒಂದು ಮೂಲೆ ಜಾರಿ ನೀರಿಗೆ ಮುಳುಗುವುದಕ್ಕೂ ಸರಿಹೋಯಿತು.

ಶಬ್ದವಾಗಲಿಲ್ಲ. ಕಿಡಿ ಹಾರಲಿಲ್ಲ. ಅತ್ತೆ ನಿಂತಲ್ಲೇ ಬಿಗಿದುಕೊಂಡರು, ಅಷ್ಟೇ. ಬಾಯಿ ತೆರೆದಿತ್ತು, ಮಾತು ಬರುತ್ತಿರಲಿಲ್ಲ. ಬಳೆಗಳು ಮಾತ್ರ ಗಾಜಿಗೆ ಬಡಿದು ಕಿಣಿಕಿಣಿ ಎನ್ನುತ್ತಿದ್ದವು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂದು ನಾನು ಪ್ರತಿ ವರ್ಷ ಹತ್ತನೇ ತರಗತಿಯ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ಮೊದಲು ಮೇನ್ ಸ್ವಿಚ್ಚು ಆರಿಸಬೇಕು. ಅದು ನನ್ನ ಎಡಗಡೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾನು ಬಲಗಡೆಗೆ, ಅತ್ತೆಯ ಕಡೆಗೆ, ಲೈಟನ್ನು ಹೊಡೆದು ಬೀಳಿಸಬೇಕೆಂದು ಸೌಟು ಎತ್ತಿಕೊಂಡು ಓಡಿದೆ. ಸ್ಟೀಲಿನ ಸೌಟು. ಸಾರಿನಿಂದ ತೆಗೆದ ಒದ್ದೆ ಸೌಟು. ಓಡುತ್ತಾ ಕಿರುಚಿದೆ. ಆ ಕಿರುಚಾಟದಲ್ಲಾದರೂ ಒಂದು ಉಪಯೋಗದ ಮಾತು ಬರಬೇಕೋ ಬೇಡವೋ? “ಅತ್ತೆ, ಚಪ್ಪಲಿ ಹಾಕ್ಕೊಳ್ಳಿ!” ಎಂದು ಕಿರುಚಿದೆ.

ಲೈಟಿಗೂ ಸೌಟಿಗೂ ಒಂದು ಗೇಣು ಉಳಿದಿದ್ದಾಗ ಕರೆಂಟು ಹೋಯಿತು.

ಫ್ಯಾನು ನಿಂತಿತು, ಹಿಂದೆ ಶೆಡ್ಡಿನಲ್ಲಿ ಆರು ಮಗ್ಗಗಳೂ ಒಟ್ಟಿಗೆ ಬಾಯಿ ಮುಚ್ಚಿದವು. ನಾನು ಮಾತ್ರ ಮುಚ್ಚಿರಲಿಲ್ಲ. ಮಗ್ಗದ ಗದ್ದಲದಲ್ಲಿ ಯಾರಿಗೂ ಕೇಳದಿದ್ದ ನನ್ನ ದನಿ ಆ ನಿಶ್ಶಬ್ದದಲ್ಲಿ ಇಡೀ ಬೀದಿಗೆ ಕೇಳಿಸಿತು. ಅತ್ತೆ ಕುಸಿದು ಕೂತರು. ಒದ್ದೆ ಕೈಯನ್ನು ಎದೆಗೆ ಒತ್ತಿಕೊಂಡು, ಮೇಲುಸಿರು ಬಿಡುತ್ತಾ, ತಲೆಯ ಮೇಲೆ ಎತ್ತಿದ್ದ ನನ್ನ ಸೌಟನ್ನೂ ನನ್ನ ಮುಖವನ್ನೂ ನೋಡಿ ಅವರು ಆಡಿದ ಮೊದಲ ಮಾತು: “ನಾನ್ ಏನೇ ಮಾಡ್ದೆ ನಿಂಗೆ?”

ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ವೈರು ನೋಡಿ ಅತ್ತೆ, “ಇನ್ನೊಂದ್ ಸಲವಾ?” ಎಂದು ಕೈ ಕೊಸರಿದರು. ಡಾಕ್ಟರು ಚಿಕ್ಕ ಹುಡುಗಿ. ಹೇಗಾಯ್ತು ಅಜ್ಜಿ ಎಂದು ಕೇಳಿದರು. “ಸುಮ್ನೆ ದಂಟು ನೆಡ್ತಾ ಇದ್ದೆ ಕಣವ್ವ. ಸೊಸೆ ಸೌಟು ಎತ್ಕೊಂಡು ಮೇಲೆ ಬಿದ್ಳು. ಆಮೇಲೆ ಏನಾಯ್ತೋ ಗೊತ್ತಿಲ್ಲ.” ಡಾಕ್ಟರು ನನ್ನನ್ನು ನೋಡಿದರು. ನರ್ಸು ನೋಡಿದರು. ಪಕ್ಕದ ಮಂಚದ ಹೆಂಗಸು ಹೊದಿಕೆ ಸರಿಸಿ ಎದ್ದು ಕೂತು ನೋಡಿದರು. ನಾನು ಲೈಟು, ನೂಲು, ರೊಟಾಲ ಎಂದು ವಿವರಿಸಲು ಹೊರಟಷ್ಟೂ ಕಥೆ ಕಟ್ಟುತ್ತಿರುವ ಹಾಗೆ ಕೇಳಿಸುತ್ತಿತ್ತು. ಪುಣ್ಯಕ್ಕೆ ಎದೆಗೆ ಏನೂ ಆಗಿಲ್ಲ, ಬೆರಳ ತುದಿ ಸ್ವಲ್ಪ ಸುಟ್ಟಿದೆ, ಕೈ ನಾಲ್ಕು ದಿನ ಜೋಮು ಹಿಡಿದಂತಿರುತ್ತದೆ ಎಂದು ಹೇಳಿ ಸಂಜೆ ಕಳಿಸಿದರು. ಮನೆಗೆ ಬಂದ ಅತ್ತೆ ಕಾಫಿ ಕುಡಿದು, ನೋಡಲು ಬಂದ ಬೀದಿಯ ಹೆಂಗಸರಿಗೆಲ್ಲ ಎಡಗೈಯಲ್ಲಿ ಅಭಿನಯಿಸಿ ಕಥೆ ಹೇಳಿದರು. ಒಂದೊಂದು ಸಲ ಹೇಳಿದಾಗಲೂ ನನ್ನ ಸೌಟು ಒಂದೊಂದು ಇಂಚು ಬೆಳೆಯುತ್ತಿತ್ತು. ಇವರು ಈ ನಡುವೆ ತೊಲೆಯಿಂದ ನೇತಾಡುತ್ತಿದ್ದ ನೂಲಿನ ತುದಿ ಹಿಡಿದು ಪರೀಕ್ಷೆ ಮಾಡಿ, ತಾಯಿಗೆ ತೋರಿಸಿ ಅಂದರು: “ನೋಡಮ್ಮ, ನೂಲು ಕರಗಿದೆ. ಗಂಟು ಮಾತ್ರ ಬಿಚ್ಚಿಲ್ಲ.” ಅತ್ತೆ ಜೋಮು ಹಿಡಿದ ಕೈಯಲ್ಲೇ ಗಂಟು ಸವರಿ, “ಅದೆಂಗೆ ಬಿಚ್ಚುತ್ತೆ” ಅಂದರು. ಈ ತಾಯಿ ಮಗನ ಜೊತೆ ನಾನು ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ.

ಅವತ್ತು ರಾತ್ರಿಯಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಬಳೆ ಸದ್ದು. ಮಾರನೆಯ ದಿನ ಮನೆಯ ಸ್ವಿಚ್ಚುಗಳನ್ನು ಪೆನ್ನಿನ ತುದಿಯಿಂದ ಒತ್ತಲು ಶುರು ಮಾಡಿದೆ. ಮಲಗುವ ಮುಂಚೆ ಪ್ಲಗ್ಗುಗಳನ್ನೆಲ್ಲ ಕಿತ್ತುಹಾಕುತ್ತಿದ್ದೆ. ಕಿತ್ತೆನೋ ಇಲ್ಲವೋ ಎಂದು ಮತ್ತೆ ಮೂರು ಸಲ ಎದ್ದು ನೋಡುತ್ತಿದ್ದೆ. ಇವರು ತಪ್ಪು ಮಾಡಿದ ಮುಖ ಮಾಡಿಕೊಂಡು ಮಂಚದ ತುದಿಯಲ್ಲಿ ಕೂತಿರುತ್ತಿದ್ದರು. ಅತ್ತೆ ಕೈ ಚುಮುಗುಟ್ಟುತ್ತದೆ ಎಂದು ಎದ್ದು ಕೂರುತ್ತಿದ್ದರು. ನನ್ನ ತಲೆ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ನಮ್ಮ ಬೋರ್ಡಿನಲ್ಲಿ ಒಂದು ಸ್ವಿಚ್ಚಿದೆ. ಎಲ್ಲಾದರೂ ಕರೆಂಟು ಸೋರಿ ಮನುಷ್ಯರಿಗೆ ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಕೆಳಗೆ ಬಿದ್ದು ಮನೆಯ ಕರೆಂಟು ಕತ್ತರಿಸುವಂಥದ್ದು. ಎಲ್ಲರೂ ಅದನ್ನು ಟ್ರಿಪ್ಪರ್ ಅನ್ನುತ್ತಾರೆ. ಮಗ್ಗಗಳಿಗೆ ಬೇರೆ ಕನೆಕ್ಷನ್ನು, ಇದು ಮನೆಯದು. ಅದಿದ್ದೂ ಅವತ್ತು ಯಾಕೆ ಬೀಳಲಿಲ್ಲ? ಅದು ಬೀಳುವುದಿಲ್ಲ ಅಂದರೆ ಇನ್ನೊಂದು ಸಲ ಹೀಗೇ ಆದಾಗ ಕರೆಂಟಿನವರು ಸರಿಯಾದ ಹೊತ್ತಿಗೆ ತಡ ಮಾಡಿಯಾರೆ?

ಉತ್ತರ ಹೇಳಬೇಕಾದವನು ಮಂಜಣ್ಣ. ನಮ್ಮ ಬೀದಿಯ ಮಗ್ಗಗಳಿಗೆಲ್ಲ ಅವನೇ ಮೆಕ್ಯಾನಿಕ್ಕು, ಮನೆಗಳ ವೈರಿಂಗೂ ಅವನದೇ. ಅವನು ಹಾಕಿದ ವೈರು ಅವನೊಬ್ಬನಿಗೇ ಅರ್ಥವಾಗುವುದರಿಂದ ಬೇರೆಯವರು ಬೋರ್ಡು ಬಿಚ್ಚಿ ನೋಡಿ ನಮಸ್ಕಾರ ಹಾಕಿ ಹೋಗುತ್ತಾರೆ. ಅವನೋ ಅತ್ತಿಗೆಯ ಮನೆ ಗೃಹಪ್ರವೇಶಕ್ಕೆಂದು ಹೊಸಕೋಟೆಗೆ ಹೋದವನು ಅಲ್ಲಿಯ ವೈರಿಂಗ್ ತಾನೇ ಮಾಡುತ್ತೇನೆಂದು ಒಂದು ವಾರ ಉಳಿದುಬಿಟ್ಟ. ಆ ವಾರ ನಾನು ಅವನನ್ನು ಬೈದ ಬೈಗಳನ್ನೆಲ್ಲ ಕೂಡಿಸಿದರೆ ಒಂದು ಸೀರೆ ನೇಯಬಹುದಿತ್ತು. ಇವರು ಪಶ್ಚಾತ್ತಾಪದಲ್ಲಿ ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದರು. ನಾನು ಇವತ್ತೇ ಕೊಡಿ ಅಂದೆ. ಅತ್ತೆ ಅಡ್ಡ ಬಂದರು. “ಕೊಡೋದೆಲ್ಲಿಗೆ? ಅವತ್ತು ನೆಟ್ಟಿದ್ದು ಇನ್ನೂ ಬೇರು ಬಿಟ್ಟಿಲ್ಲ. ಒಂದು ಕೆಂಪು ನೋಡ್ದೆ ನಾನು ಬಿಡಲ್ಲ.” ಸಾವಿನ ಬಾಯಿಂದ ಬಂದವರು, ಏನು ಹೇಳುವುದು? ಹಳೆಯ ಪುಟ್ಟ ದೀಪ ಮತ್ತೆ ಬಂತು, ಈ ಸಲ ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿದರು. ತೊಟ್ಟಿಗೆ ಯಾರೂ ಕೈ ಹಾಕಕೂಡದು ಎಂದು ನಾನು ಕಾನೂನು ಮಾಡಿದೆ. ಟ್ಯೂಶನ್ ಮಕ್ಕಳನ್ನು ಕೂಡ ಆ ಗೋಡೆಯ ಕಡೆ ಕೂರಿಸುತ್ತಿರಲಿಲ್ಲ.

ಮುಂದಿನ ಸೋಮವಾರ ಮಂಜಣ್ಣ ಬಂದ. ಬೋರ್ಡಿನ ಮುಚ್ಚಳ ಬಿಚ್ಚಿ, ಹಲ್ಲಿನಲ್ಲಿ ಟೆಸ್ಟರ್ ಕಚ್ಚಿಕೊಂಡು ಒಳಗೆ ನೋಡಿ, ಏನೂ ಆಗಿಲ್ಲವೆಂಬಂತೆ, “ಎಂಗ್ ಬೀಳುತ್ತೆ ಅಕ್ಕಾ? ಡೈರೆಕ್ಟ್ ಕೊಟ್ಟಿದೀನಲ್ಲ” ಅಂದ. ಅಂದರೆ ಟ್ರಿಪ್ಪರ್ ಸುಮ್ಮನೆ ಅಲಂಕಾರಕ್ಕೆ ಇದೆ, ಕರೆಂಟು ಅದನ್ನು ಸುತ್ತಿಹಾಕಿಕೊಂಡು ಹೋಗುತ್ತಿದೆ. ನನ್ನ ವಾರದ ನಿದ್ದೆಯೆಲ್ಲ ಒಟ್ಟಿಗೆ ಬಾಯಿಗೆ ಬಂತು. ಮನುಷ್ಯರ ಪ್ರಾಣ ಅಂದರೆ ನಿನಗೆ ಆಟವೇ, ನಿನಗೆ ಹಾಗೆ ಮಾಡು ಎಂದು ಹೇಳಿದವರು ಯಾರು, ಅವರನ್ನು ಮೊದಲು ಪೊಲೀಸಿಗೆ ಕೊಡಬೇಕು ಎಂದು ಕೂಗಾಡಿದೆ. ಮಂಜಣ್ಣ ಟೆಸ್ಟರನ್ನು ಬಾಯಿಂದ ತೆಗೆದು ಇವರ ಮುಖ ನೋಡಿದ. ಇವರು ಸೂರು ನೋಡಿದರು. ಆಮೇಲೆ ಮಂಜಣ್ಣ ಬಹಳ ಮೆತ್ತಗೆ ಹೇಳಿದ: “ನೀವೇ ಅಕ್ಕಾ ಹೇಳಿದ್ದು. ಎರಡ್ ವರ್ಷ ಆಯ್ತು. ಪಾಠ ಮಾಡ್ತಾ ಇದ್ರೆ ಪದೇ ಪದೇ ಬೀಳ್ತದೆ, ಮಕ್ಳಿಗೆ ಪರೀಕ್ಷೆ ಹತ್ರ ಬಂತು, ಏನಾದ್ರೂ ಮಾಡಿ ಮಂಜಣ್ಣ ಅಂದ್ರಿ. ನಾನು ಮಗ್ಗದೋನು, ನಡೀತಿರೋದು ನಿಲ್ಲಬಾರ್ದು, ಅದೊಂದೇ ನಂಗೆ ಗೊತ್ತಿರೋದು. ಮಾಡ್ಕೊಟ್ಟೆ. ಕಾಫಿನೂ ಕೊಟ್ರಿ.”

ನೆನಪು ಬಂತು. ಕಾಫಿ ಕೊಟ್ಟದ್ದೂ ನೆನಪು ಬಂತು. ಅವತ್ತು ಮಾಡುತ್ತಿದ್ದ ಪಾಠ ಯಾವುದು ಎಂಬುದಂತೂ, ಬರಬಾರದಿತ್ತು, ಅದೂ ಬಂತು: ಗೃಹಬಳಕೆಯ ವಿದ್ಯುತ್ತು ಮತ್ತು ಸುರಕ್ಷತೆ. ಎರಡನೆಯ ಪುಟ ಮುಗಿಯುವುದರೊಳಗೆ ನಾಲ್ಕು ಸಲ ಕರೆಂಟು ಹೋಗಿ ರೇಗಿಹೋಗಿತ್ತು. ಅತ್ತೆ ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಕೇಳಿಸಿಕೊಂಡು, ಕಾಳು ಬಟ್ಟಲಿಗೆ ಹಾಕುತ್ತಾ, “ಪೊಲೀಸ್ನೋರಿಗೆ ಫೋನ್ ಮಾಡೋ ನಾಗ” ಅಂದರು.

ಟ್ರಿಪ್ಪರನ್ನು ಅವತ್ತೇ ಸರಿಮಾಡಿಸಿದೆ. ಮಂಜಣ್ಣ ಅದರ ಪುಟ್ಟ ಗುಂಡಿ ಒತ್ತಿ ತೋರಿಸಿದ, ಟಪ್ ಎಂದು ಬಿತ್ತು. ಇನ್ನು ನಿದ್ದೆ ಎಂದುಕೊಂಡು ಮಲಗಿದರೆ ಆ ರಾತ್ರಿಯೇ ಅದು ತಾನೇ ತಾನಾಗಿ ಬಿತ್ತು. ಮಾರನೆಯ ರಾತ್ರಿಯೂ ಬಿತ್ತು. ಎಲ್ಲೋ ಸೋರುತ್ತಿದೆ ಎಂದಾಯಿತಲ್ಲ. ನಾನು ತೊಟ್ಟಿಯ ಕಡೆ ಬೆರಳು ತೋರಿಸಿದೆ. ನೀರು, ಅದನ್ನು ಸುತ್ತಿಸುವ ಮೋಟಾರು, ದೀಪ, ಇನ್ನೇನು ಬೇಕು? “ತಗೀರಿ ಅದನ್ನ, ಇಲ್ಲ ನಾನು ನೆಲಮಂಗಲಕ್ಕೆ ನಮ್ಮಮ್ಮನ ಮನೆಗೆ ಹೋಗ್ತೀನಿ” ಎಂದೆ. ಇವರು ತೊಟ್ಟಿಯ ಪ್ಲಗ್ಗುಗಳನ್ನೆಲ್ಲ ಕಿತ್ತರು. ಮತ್ತೂ ಬಿತ್ತು. ಮಂಜಣ್ಣ ಮತ್ತೆ ಬಂದು ಒಂದೊಂದಾಗಿ ಎಲ್ಲ ಪರೀಕ್ಷೆ ಮಾಡುತ್ತಾ ಹೋದ. ಮಿಕ್ಸಿ ಅಲ್ಲ, ಗೀಸರ್ ಅಲ್ಲ, ಬಟ್ಟೆಯ ಮೆಷಿನ್ನಲ್ಲ. ಕೊನೆಗೆ ಅಡುಗೆಮನೆಯಲ್ಲಿ ನಿಂತು ತಲೆ ಕೆರೆದುಕೊಂಡ. “ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಐಸ್ ಕರಗಿಸಕ್ಕೆ ಒಳಗೊಂದು ಹೀಟರ್ ಇರ್ತದೆ, ಅದು ಆನ್ ಆದಾಗೆಲ್ಲ ಸೋರ್ತಾ ಇದೆ. ನಿಮ್ ಫ್ರಿಜ್ಜು.”

ನಮ್ಮ ಫ್ರಿಜ್ಜು ಅಂದರೆ ಮದುವೆಯಲ್ಲಿ ನಮ್ಮಪ್ಪ ಕೊಟ್ಟದ್ದು. ಈ ಮನೆಯಲ್ಲಿ ಒಂದು ದಿನವೂ ತೊಂದರೆ ಕೊಡದ ಏಕೈಕ ವಸ್ತು ಎಂದು ನಾನು ಹದಿನಾಲ್ಕು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಅದು ಎರಡು ವರ್ಷದ ಹಿಂದೆಯೇ ಟ್ರಿಪ್ಪರನ್ನು ಬೀಳಿಸುತ್ತಾ ಏನೋ ಹೇಳಲು ನೋಡಿತ್ತು. ನಾನು ಪಾಠಕ್ಕೆ ಅಡ್ಡಿಯಾಗುತ್ತದೆಂದು ಅದರ ಬಾಯಿ ಕಟ್ಟಿಸಿದ್ದೆ. ಅತ್ತೆ ಫ್ರಿಜ್ಜಿನ ಮೇಲೆ ಹಾಕಿದ್ದ ಕಸೂತಿ ಬಟ್ಟೆಯನ್ನು ತೆಗೆದು ಮಡಿಸಿ ನನ್ನ ಕೈಗೆ ಕೊಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು. ಗುರುವಾರ ಫ್ರಿಜ್ಜು ಆಟೋ ಹತ್ತಿ ರಿಪೇರಿಗೆ ಹೋಯಿತು. ಅವತ್ತು ರಾತ್ರಿ ಟ್ರಿಪ್ಪರ್ ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂದು ನಾನು ಎದ್ದೆದ್ದು ನೋಡಿ ಬೆಳಗು ಮಾಡಿದೆ.

ಶುಕ್ರವಾರ ರಾತ್ರಿ ಮಲಗಿದ್ದು ಗೊತ್ತು. ಆಮೇಲೆ ನನಗೆ ಗೊತ್ತಾದದ್ದು ಕತ್ತಿನ ಬೆವರು, ಮುಖದ ಮೇಲಿನ ಬಿಸಿಲು. ಶನಿವಾರ ಬೆಳಿಗ್ಗೆ ಏಳೂ ಮುಕ್ಕಾಲು. ಪಕ್ಕದಲ್ಲಿ ಇವರು ಹದಿಮೂರು ದಿನದ ಬಾಕಿ ನಿದ್ದೆಯನ್ನು ಗೊರಕೆ ಹೊಡೆದು ತೀರಿಸುತ್ತಿದ್ದರು. ಮಧ್ಯೆ ಒಂದು ಸಲವೂ ಎಚ್ಚರವಾಗಿರಲಿಲ್ಲ, ಬಳೆ ಸದ್ದು ಬಂದಿರಲಿಲ್ಲ. ಫ್ಯಾನು ಮಾತ್ರ ನಿಂತಿತ್ತು. ಇನ್ನೂ ಅರೆನಿದ್ದೆಯಲ್ಲೇ ಎದ್ದು, ಗೋಡೆ ಹಿಡಿದುಕೊಂಡು ಬೋರ್ಡಿನ ಹತ್ತಿರ ಹೋದೆ. ಮೇನ್ ಸ್ವಿಚ್ಚು ಕೆಳಗಿತ್ತು. ಯಾಕೆ ಕೆಳಗಿದೆ, ಯಾರು ಇಳಿಸಿದರು, ಎಲ್ಲಿ ಯಾರು ಏನು ಮುಟ್ಟಿಕೊಂಡಿದ್ದಾರೆ, ಒಂದೂ ಯೋಚಿಸಲಿಲ್ಲ. ಎತ್ತಿದೆ. ಫ್ಯಾನು ತಿರುಗಲಿಲ್ಲ. ಇಳಿಸಿ ಮತ್ತೆ ಎತ್ತಿದೆ.

“ಎತ್ತು, ಎತ್ತು. ಎಷ್ಟ್ ಸಲ ಬೇಕೋ ಎತ್ತು” ಎಂದಿತು ನಡುಮನೆಯಿಂದ ಒಂದು ದನಿ.

ಅತ್ತೆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಅದರ ಮೇಲೆ ನಿಂತಿದ್ದರು. ಬಲಗೈ ಮೊಣಕೈವರೆಗೆ ನೀರಿನಲ್ಲಿತ್ತು. ಸೊಂಟದಲ್ಲಿ, ಎಲೆಯಡಿಕೆಯ ಚೀಲ ಸಿಕ್ಕಿಸುವ ಜಾಗದಲ್ಲಿ, ಬೋರ್ಡಿನಿಂದ ಕಿತ್ತ ಬಿಳಿ ಪಿಂಗಾಣಿಯ ಫ್ಯೂಸು ಇತ್ತು. “ನೀನು ಎದ್ದೋಳೇ ಮೊದ್ಲು ಅದನ್ನ ಎತ್ತೇ ಎತ್ತೀಯ ಅಂತ ನಂಗೆ ಗೊತ್ತಿತ್ತು ಕಣೇ. ಅದಕ್ಕೇ ಮಂಜನ್ನ ಕೇಳ್ಕೊಂಡು ಇದನ್ನೂ ಕಿತ್ಕೊಂಡ್ ಬಂದೆ” ಅಂದರು. ತಲೆ ಎತ್ತಿ ನನ್ನ ಕಡೆ ನೋಡಲೂ ಇಲ್ಲ. ಒಂದು ದಂಟಿನ ತುದಿ ಚಿವುಟಿ, ಎರಡು ಬೆರಳಲ್ಲಿ ಮರಳಿಗೆ ಒತ್ತಿ, ಇನ್ನೊಂದಕ್ಕೆ ಕೈ ಚಾಚಿದರು.

ಈ ಮನೆಯಲ್ಲಿ ಒಬ್ಬರಿಗಾದರೂ ಕರೆಂಟಿನ ವಿಷಯ ಸರಿಯಾಗಿ ಗೊತ್ತಿದೆಯಲ್ಲ ಎಂಬ ಧೈರ್ಯದಲ್ಲಿ ಹೋಗಿ ಮತ್ತೆ ಮಲಗಿ, ಒಂಬತ್ತೂವರೆಯವರೆಗೆ ನಿದ್ದೆ ಹೊಡೆದೆ.